ಬಣ್ಣದ ಋಣ

ವಿಮಾನಕ್ಕೆ ಯಾವ ಬಣ್ಣ ಬಳಿಯಬೇಕೆಂಬುದು ಧರ್ಮಾಧರ್ಮದ ಪ್ರಶ್ನೆಯಾಗಬಲ್ಲುದೆ? ಮೇಲುನೋಟಕ್ಕೆ ನಗೆ ಬರುವ ಮಾತು. ಮನೆಯ ಗೋಡೆಗೆ ಸುಣ್ಣ ಹೊಡೆಸುವುದು ಮನೆಯ ಯಜಮಾನನ ಇಷ್ಟ. ವಿಮಾನದ ಮೈಗೆ ಬಣ್ಣ ಹಚ್ಚಿಸುವುದು ವಿಮಾನದ ಒಡೆಯನ ಇಷ್ಟ. ನಡುವೆ ಮೂರನೆಯವನಿಗೆ ಏನು ಕೆಲಸ? ಆದರೂ ೨೦೨೩ರ ಆಗಸ್ಟ್ ೧೦ರಂದು ಏರ್ ಇಂಡಿಯಾ ಸಂಸ್ಥೆಯು ತನ್ನ ವಿಮಾನಗಳ ಹೊಸ ವೇಷವನ್ನು ಲೋಕಕ್ಕೆ ತೋರಿಸಿದಾಗ ಮೂರನೆಯವರೂ ಸುಮ್ಮನಿರಲಿಲ್ಲ. ನಾನಿರುವ ನಾಗರಬಾವಿಯಲ್ಲಿ ಸಂಜೆ ಉದ್ಯಾನಕ್ಕೆ ಬರುವ ಹಿರಿಯರಲ್ಲಿ ಕೆಲವರು ಮಕ್ಕಳನ್ನು ನೋಡಲು ಪರದೇಶಕ್ಕೆ ಹೋಗಿ ಬಂದವರು; ಕೆಲವರು ವಿಮಾನದ ಮೆಟ್ಟಿಲನ್ನೇ ತುಳಿಯದವರು. ಹಳೆಯ ಕೆಂಪು ಕಿಟಕಿಗಳು ಹೋದುವೆಂದು ಎರಡು ಗುಂಪಿನವರೂ ಒಂದೇ ಸಮನಾಗಿ ಬೇಸರಪಟ್ಟರು. ತಮ್ಮದಲ್ಲದ ವಸ್ತುವಿಗಾಗಿ, ತಾವು ಕಾಸು ಕೊಟ್ಟು ಕೊಳ್ಳದ ಚೆಲುವಿಗಾಗಿ, ಮನುಷ್ಯರು ಹೀಗೆ ನೊಂದುಕೊಳ್ಳುವುದೇಕೆ? ಆ ನೋವಿಗೆ ನ್ಯಾಯದ ಬಲವೇನಾದರೂ ಉಂಟೆ, ಅಥವಾ ಅದು ಕಳೆದುಹೋದ ಕಾಲದ ಹಂಬಲ ಮಾತ್ರವೆ? ನಾನು ಇಲ್ಲಿ ವಿಚಾರಿಸಬೇಕೆಂದಿರುವುದು ಇದನ್ನೇ.

ನಮ್ಮ ನುಡಿ ಬಣ್ಣವನ್ನು ಎರಡು ಬಗೆಯಾಗಿ ಕಾಣುತ್ತದೆ. ಬಣ್ಣದ ಮಾತು ಎಂದರೆ ನಂಬಬಾರದ ಮಾತು. ಬಣ್ಣ ಬಯಲಾಯಿತು ಎಂದರೆ ಮೋಸ ಹೊರಬಿತ್ತು. ಆದರೆ ಯಕ್ಷಗಾನದ ಚೌಕಿಯಲ್ಲಿ ಬಣ್ಣಕ್ಕೆ ಬೇರೆಯ ಮರ್ಯಾದೆಯಿದೆ. ಅಲ್ಲಿ ಕಲಾವಿದನು ಕನ್ನಡಿಯ ಮುಂದೆ ಕುಳಿತು ಗಂಟೆಗಟ್ಟಲೆ ಮುಖಕ್ಕೆ ಬಣ್ಣ ಬರೆದುಕೊಳ್ಳುತ್ತಾನೆ. ಹಾಗೆ ಬರೆದುಕೊಂಡ ಮೇಲೆ ಅವನು ಮನಬಂದಂತೆ ನಡೆಯುವ ಹಾಗಿಲ್ಲ. ಅರ್ಜುನನ ವೇಷ ಕಟ್ಟಿದವನು ಬೆಳಗಿನವರೆಗೂ ಅರ್ಜುನನ ನಡೆಯನ್ನೇ ನಡೆಯಬೇಕು. ಅಲ್ಲಿ ಬಣ್ಣವು ಸುಳ್ಳಲ್ಲ, ನೋಡುವವರಿಗೆ ಕೊಟ್ಟ ಮಾತು. ವಿಮಾನದ ಬಣ್ಣ ಈ ಎರಡರಲ್ಲಿ ಯಾವ ಜಾತಿಯದು ಎಂಬುದರ ಮೇಲೆ ನಮ್ಮ ತೀರ್ಪು ನಿಲ್ಲುತ್ತದೆ.

ಮೊದಲು ಕಥೆಯನ್ನು ನೋಡೋಣ. ೧೯೩೨ರ ಅಕ್ಟೋಬರ್ ೧೫ರಂದು ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಅಹಮದಾಬಾದಿನ ಮೇಲೆ ಮುಂಬಯಿಗೆ ಅಂಚೆ ಹೊತ್ತ ಪುಟ್ಟ ವಿಮಾನವೊಂದನ್ನು ತಾವೇ ನಡೆಸಿಕೊಂಡು ಬಂದರು. ಅಲ್ಲಿಂದ ಮುಂದಕ್ಕೆ ಅಂಚೆಯನ್ನು ಮದರಾಸಿಗೆ ಒಯ್ದವರು ಅವರ ಜೊತೆಗಾರ ನೆವಿಲ್ ವಿನ್ಸೆಂಟ್. ನಡುದಾರಿಯಲ್ಲಿ ತಂಗಿದ ಊರು ನಮ್ಮ ಬಳ್ಳಾರಿ. ಆ ವಿಮಾನದಲ್ಲಿ ಅರಮನೆಯೂ ಇರಲಿಲ್ಲ, ರಾಜನೂ ಇರಲಿಲ್ಲ. ಕಾಗದವು ಹೇಳಿದ ದಿನಕ್ಕೆ ತಲಪುತ್ತದೆಂಬ ಭರವಸೆಯೊಂದಿತ್ತು. ೧೯೪೬ರಲ್ಲಿ ಆ ಕಂಪನಿಗೆ ಏರ್ ಇಂಡಿಯಾ ಎಂಬ ಹೆಸರಾಯಿತು. ಅದೇ ವರ್ಷ ಸಂಸ್ಥೆಯ ಬಾಬಿ ಕೂಕಾ ಅವರ ಕಲ್ಪನೆಗೆ ಉಮೇಶ್ ರಾವ್ ಎಂಬ ಚಿತ್ರಕಾರರು ರೂಪ ಕೊಟ್ಟು ‘ಮಹಾರಾಜ’ನನ್ನು ಬರೆದರು: ದೊಡ್ಡ ಪೇಟ, ದಪ್ಪ ಮೀಸೆ, ಅತಿಥಿಯ ಮುಂದೆ ಬಾಗಿದ ನಡು. ೧೯೪೮ರ ಜೂನಿನಲ್ಲಿ ‘ಮಲಬಾರ್ ಪ್ರಿನ್ಸೆಸ್’ ಎಂಬ ವಿಮಾನ ಮುಂಬಯಿಯಿಂದ ಲಂಡನ್ನಿಗೆ ಹಾರಿತು. ೧೯೫೩ರಲ್ಲಿ ಸಂಸ್ಥೆ ಸರ್ಕಾರದ್ದಾಯಿತು. ೧೯೭೧ರಲ್ಲಿ ‘ಎಂಪರರ್ ಅಶೋಕ’ ಎಂಬ ಹೆಸರಿನ ಮೊದಲ ಜಂಬೋ ವಿಮಾನ ಬಂದಾಗ ಅದರ ಒಂದೊಂದು ಕಿಟಕಿಯ ಸುತ್ತಲೂ ರಾಜಸ್ಥಾನದ ಅರಮನೆಗಳ ಝರೋಕದಂತೆ ಕೆಂಪು ಕಮಾನು ಬರೆದರು. ಆಗಸದಲ್ಲಿ ಅರಮನೆಯೊಂದು ಹೋಗುತ್ತಿದೆಯೆಂಬ ಭಾವನೆ ಬರಬೇಕೆಂಬುದು ಅದರ ಉದ್ದೇಶ.

ಇಲ್ಲಿ ಒಂದು ವಿನೋದವುಂಟು. ಸಂವಿಧಾನದ ೨೬ನೆಯ ತಿದ್ದುಪಡಿಯಿಂದ ದೇಶದ ರಾಜಮಹಾರಾಜರ ರಾಜಧನ ರದ್ದಾದದ್ದು ಅದೇ ೧೯೭೧ರಲ್ಲಿ. ನೆಲದ ಮೇಲೆ ಅರಸರ ಕಾಲ ಮುಗಿದ ವರ್ಷವೇ ಆಕಾಶದಲ್ಲಿ ಅರಮನೆ ಎದ್ದಿತು. ಅದನ್ನು ಕಟ್ಟಿಸಿದ್ದು ಪ್ರಜೆಗಳ ಸರ್ಕಾರ!

ಹದಿನೆಂಟು ವರ್ಷ ಕಳೆದ ಮೇಲೆ, ೧೯೮೯ರಲ್ಲಿ, ಸಂಸ್ಥೆಯವರಿಗೆ ಈ ವೇಷ ಹಳತೆನಿಸಿತು. ಪರದೇಶದ ನಿಪುಣರಿಂದ ಹೊಸದನ್ನು ಬರೆಸಿದರು. ಬಿಳಿಯ ಮೈ, ಕೆಂಪು ಬಾಲ, ಬಾಲದ ಮೇಲೆ ಹೊನ್ನಿನ ಸೂರ್ಯ. ಕಿಟಕಿಯ ಕಮಾನುಗಳು ಮಾಯವಾದುವು. ನೋಡಲು ಅದೇನೂ ಕೆಟ್ಟದಾಗಿರಲಿಲ್ಲ. ಆದರೆ ಜನ ಒಪ್ಪಲಿಲ್ಲ. ಎಲ್ಲ ವಿಮಾನಗಳಿಗೂ ಬಣ್ಣ ಬಳಿದು ಮುಗಿಸುವ ಮೊದಲೇ, ಕೆಲವು ವರ್ಷಗಳಲ್ಲಿ, ಸಂಸ್ಥೆ ಹಳೆಯ ಕಿಟಕಿಗಳಿಗೆ ಹಿಂದಿರುಗಿತು. ಇಂಡಿಯನ್ ಏರ್‌ಲೈನ್ಸಿನೊಡನೆ ಕೂಡಿಕೊಂಡ ೨೦೦೭ರಲ್ಲಿ ಬಾಲದ ಮೇಲೆ ಹಾರುವ ಹಂಸವೂ ಅದರೊಳಗೆ ಕೋಣಾರ್ಕದ ಚಕ್ರವೂ ಬಂದುವು. ಆಗಲೂ ಕಿಟಕಿಗಳನ್ನು ಮುಟ್ಟಲಿಲ್ಲ.

ಜನರಿಗೆ ಈ ಹಕ್ಕು ಎಲ್ಲಿಂದ ಬಂತು? ಯೋಚಿಸಿದರೆ ಒಂದು ಸಣ್ಣ ಸಂಗತಿ ಹೊಳೆಯುತ್ತದೆ. ಕಿಟಕಿಯ ಸುತ್ತ ಹೊರಗಡೆ ಬರೆದ ಆ ಕಮಾನುಗಳು ಒಳಗೆ ಕುಳಿತ ಪ್ರಯಾಣಿಕನಿಗೆ ಕಾಣುವುದಿಲ್ಲ. ಅವನು ಟಿಕೇಟಿಗೆ ಹಣ ತೆತ್ತವನು. ಆದರೆ ಅವನ ಪಾಲಿಗೆ ಕಿಟಕಿಯೆಂದರೆ ಗಾಜು, ರೆಕ್ಕೆ, ಮೋಡ. ಕಮಾನನ್ನು ಕಾಣುವವರು ಹೊರಗೆ ನಿಂತವರು: ಮಗನನ್ನು ಬೀಳ್ಕೊಡಲು ಬಂದು ಕಟಕಟೆ ಹಿಡಿದು ನಿಂತ ತಾಯಿ, ಮಹಡಿಯ ಮೇಲಿಂದ ಕೈಬೀಸುವ ಹುಡುಗ, ಓಡುಹಾದಿಯ ಬದಿಯಲ್ಲಿ ಹುಲ್ಲು ಕೊಯ್ಯುವ ಕೂಲಿಯವಳು. ಕೊಲ್ಲಿಯ ಯಾವುದೋ ನಿಲ್ದಾಣದಲ್ಲಿ ತನ್ನ ಸರದಿಗಾಗಿ ಕಾಯುತ್ತಿದ್ದ ಕರಾವಳಿಯ ಕೆಲಸಗಾರನಿಗೆ ನೂರು ಬಾಲಗಳ ನಡುವೆ ಆ ಒಂದು ಬಾಲ ಕಂಡರೆ ಅರ್ಧ ಊರು ಸೇರಿದ ಹಾಗೆ. ವಿಮಾನದ ವೇಷವು ಆರಂಭದಿಂದಲೂ ಹೊರಗಿನವರಿಗಾಗಿ ಕಟ್ಟಿದ ವೇಷ. ಹೊರಗಿನವರ ಕಣ್ಣಿಗೆಂದೇ ಬರೆಸಿ, ಅವರ ಮನಸ್ಸಿನಲ್ಲಿ ಅದು ನಿಲ್ಲಲೆಂದು ವರ್ಷಾನುವರ್ಷ ಹಣ ಚೆಲ್ಲಿ, ನಿಂತ ಮೇಲೆ ನಿನಗೂ ಇದಕ್ಕೂ ಏನು ಸಂಬಂಧವೆಂದು ಕೇಳುವುದು ನ್ಯಾಯವೆ? ಕರೆದು ಎಲೆ ಹಾಕಿಸಿದ ಮೇಲೆ ಇದು ನನ್ನ ಮನೆ ಎಂದು ನೆಂಟನನ್ನು ಎಬ್ಬಿಸಿದ ಹಾಗಾಗುತ್ತದೆ.

ಇದು ನಮ್ಮ ದೇಶದವರ ಭಾವುಕತೆ ಮಾತ್ರವೆಂದು ತಿಳಿಯಬೇಕಾಗಿಲ್ಲ. ೧೯೯೭ರಲ್ಲಿ ಬ್ರಿಟಿಷ್ ಏರ್‌ವೇಸಿನವರು ಬಾಲದ ಮೇಲಿನ ತಮ್ಮ ಧ್ವಜದ ಬಣ್ಣಗಳನ್ನು ತೆಗೆದು ನಾನಾ ದೇಶಗಳ ಕಲಾವಿದರ ಚಿತ್ರಗಳನ್ನು ಬರೆಸಿದರು. ಮಾಜಿ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅವರು ಪ್ರದರ್ಶನಕ್ಕೆ ಇಟ್ಟಿದ್ದ ವಿಮಾನದ ಮಾದರಿಯ ಬಾಲಕ್ಕೆ ತಮ್ಮ ಕರವಸ್ತ್ರವನ್ನು ಹೊದಿಸಿ ಮುಚ್ಚಿಬಿಟ್ಟರು. ೨೦೦೧ರ ಹೊತ್ತಿಗೆ ಆ ಸಂಸ್ಥೆ ಎಲ್ಲ ವಿಮಾನಗಳನ್ನೂ ಧ್ವಜದ ಬಣ್ಣಕ್ಕೇ ತರುವುದೆಂದು ನಿರ್ಧರಿಸಿತು. ಅಷ್ಟು ವ್ಯವಹಾರಸ್ಥರಾದ ಜನರೂ ಬಣ್ಣದ ವಿಷಯದಲ್ಲಿ ಲೆಕ್ಕದ ಪುಸ್ತಕವನ್ನು ಬದಿಗಿಟ್ಟು ಮಾತನಾಡಿದರು.

ಆದರೆ ನೋಡುವವನ ಹಕ್ಕು ನಿಜವೆಂದ ಮಾತ್ರಕ್ಕೆ ಹಳೆಯದೆಲ್ಲವೂ ಅಳಿಸಬಾರದ್ದಾಗುತ್ತದೆಯೆ? ಹಾಗೆನ್ನಲು ನಾನು ಸಿದ್ಧನಿಲ್ಲ. ಹಳೆಯದೆಂಬ ಒಂದೇ ಕಾರಣದಿಂದ ಯಾವುದೂ ಒಳ್ಳೆಯದಾಗುವುದಿಲ್ಲವೆಂದು ಕಾಳಿದಾಸನು ‘ಮಾಳವಿಕಾಗ್ನಿಮಿತ್ರ’ದ ಪ್ರಸ್ತಾವನೆಯಲ್ಲೇ ಸೂತ್ರಧಾರನ ಬಾಯಿಂದ ಹೇಳಿಸಿದ್ದಾನೆ, ಹೊಸ ನಾಟಕಕಾರನಾಗಿ ಅವನಿಗೆ ಆ ಮಾತಿನ ಅಗತ್ಯವೂ ಇತ್ತು. ನಾವು ಇಂದು ಸನಾತನವೆಂಬಂತೆ ಕೊಂಡಾಡುವ ಝರೋಕಗಳು ೧೯೭೧ರಲ್ಲಿ ಹೊಸ ಬಣ್ಣವೇ ಆಗಿದ್ದುವು. ಅದಕ್ಕೂ ಮೊದಲಿನ ವೇಷವನ್ನು ಪ್ರೀತಿಸಿದ ಯಾರೋ ಒಬ್ಬರು ಆಗ ನಿಟ್ಟುಸಿರುಬಿಟ್ಟಿರಬೇಕು. ಮಹಾರಾಜನ ವಿಷಯವನ್ನೂ ನಿರ್ದಾಕ್ಷಿಣ್ಯವಾಗಿ ನೋಡಬೇಕು. ಅವನ ತುಂಟತನ ನನಗೂ ಇಷ್ಟವೆ. ಆದರೂ ಬಡವರ ದೇಶವೊಂದು ತನ್ನ ಮುಖವಾಗಿ ಒಬ್ಬ ರಾಜನನ್ನು ಆರಿಸಿಕೊಂಡದ್ದು, ಆ ರಾಜನೂ ಪರದೇಶದ ಅತಿಥಿಯ ಮುಂದೆ ಸೇವಕನಂತೆ ಬಾಗಿ ನಿಂತದ್ದು, ಎರಡೂ ವಿಚಾರ ಮಾಡತಕ್ಕ ಸಂಗತಿಗಳೇ. ಮುಂದಿನ ಪೀಳಿಗೆಯವರು ನಮ್ಮ ಮುಖ ಇದಲ್ಲ ಎಂದರೆ ಅವರನ್ನು ಕೃತಘ್ನರೆನ್ನಲಾಗದು. ಹಳೆಯ ಮುಖವನ್ನು ಬಿಡುವುದೂ ಒಮ್ಮೊಮ್ಮೆ ಧರ್ಮವೇ.

ಹೀಗಿರಲು ಬದಲಿಸುವುದು ತಪ್ಪೋ ಸರಿಯೋ ಎಂಬ ಪ್ರಶ್ನೆಗಿಂತ ಯಾವ ಬದಲಾವಣೆ ತಪ್ಪು, ಯಾವುದು ಸರಿ ಎಂದು ಕೇಳುವುದು ಮೇಲು. ಅದಕ್ಕೆ ನಮ್ಮ ಬೆಂಗಳೂರಿನಲ್ಲೇ ನಡೆದ ಒಂದು ನಿದರ್ಶನವಿದೆ. ಗೊರೂರಿನವರಾದ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್, ಸೈನ್ಯದಲ್ಲಿದ್ದು ಬಳಿಕ ಹಾಸನ ಜಿಲ್ಲೆಯಲ್ಲಿ ಬೇಸಾಯ ಮಾಡಿದವರು, ೨೦೦೩ರಲ್ಲಿ ಇಲ್ಲಿಂದ ಏರ್ ಡೆಕ್ಕನ್ ಎಂಬ ವಿಮಾನ ಸಂಸ್ಥೆಯನ್ನು ನಡೆಸತೊಡಗಿದರು. ಅಗ್ಗದ ದರ, ಸಣ್ಣ ಊರುಗಳಿಗೂ ವಿಮಾನ ಎಂಬುದು ಅದರ ವ್ರತ. ಒಂದು ರೂಪಾಯಿಯ ಟಿಕೇಟಿನ ಸುದ್ದಿ ಊರೂರಲ್ಲಿ ಹರಡಿದ ಕಾಲ ಅದು. ಆ ಸಂಸ್ಥೆ ತನ್ನ ಗುರುತಾಗಿ ಆರಿಸಿಕೊಂಡದ್ದು ಮೈಸೂರಿನಲ್ಲಿ ಹುಟ್ಟಿದ ಆರ್. ಕೆ. ಲಕ್ಷ್ಮಣ್ ಅವರ ‘ಶ್ರೀಸಾಮಾನ್ಯ’ನನ್ನು: ಚೌಕಳಿಯ ಕೋಟು, ಪಂಚೆ, ಕನ್ನಡಕ, ಎಂದೂ ತೆರೆಯದ ಬಾಯಿ. ಮಹಾರಾಜನಿಗೆ ಇದಕ್ಕಿಂತ ಒಳ್ಳೆಯ ಉತ್ತರ ಇನ್ನೇನು ಬೇಕಿತ್ತು? ಅವನು ಬಾಗಿ ಸ್ವಾಗತಿಸುವವನು; ಇವನು ಅಂಜುತ್ತಂಜುತ್ತಲೇ ಒಳಗೆ ಬರುವವನು.

ಈ ಗುರುತು ಬಹುಕಾಲ ಬಾಳಲಿಲ್ಲ. ೨೦೦೭ರಲ್ಲಿ, ಕಿಂಗ್‌ಫಿಷರ್ ವಿಮಾನ ಸಂಸ್ಥೆಯನ್ನು ನಡೆಸುತ್ತಿದ್ದ ಯು. ಬಿ. ಸಮೂಹ ಏರ್ ಡೆಕ್ಕನ್ನಿನಲ್ಲಿ ಪಾಲು ಕೊಂಡಿತು. ಹೆಸರು ಸಿಂಪ್ಲಿಫ್ಲೈ ಡೆಕ್ಕನ್ ಆಯಿತು; ೨೦೦೮ರಲ್ಲಿ ಅದೂ ಹೋಗಿ ಕಿಂಗ್‌ಫಿಷರ್ ರೆಡ್ ಆಯಿತು. ಶ್ರೀಸಾಮಾನ್ಯನು ಎಂದಿನಂತೆ ಒಂದು ಮಾತೂ ಆಡದೆ ಇಳಿದುಹೋದನು. ೨೦೧೧ರಲ್ಲಿ ಅಗ್ಗದ ದರದ ಸೇವೆಯನ್ನೇ ಬಿಡುವುದಾಗಿ ಸಂಸ್ಥೆ ಸಾರಿತು. ೨೦೧೨ರ ಅಕ್ಟೋಬರಿನಲ್ಲಿ ವಿಮಾನಗಳೆಲ್ಲ ನೆಲಹಿಡಿದುವು; ಸಾವಿರಾರು ನೌಕರರಿಗೆ ತಿಂಗಳುಗಳ ಸಂಬಳ ಬಾಕಿ ಉಳಿಯಿತು. ಆ ಕೆಂಪು ಬಣ್ಣದ ಥಳುಕಿನಲ್ಲಿ ಯಾವ ಕೊರತೆಯೂ ಇರಲಿಲ್ಲ. ಮೇಲೆ ಥಳುಕು ಒಳಗೆ ಹುಳುಕು ಎಂಬ ಗಾದೆಯನ್ನು ನಮ್ಮ ಹಿರಿಯರು ವಿಮಾನವನ್ನು ಕಾಣುವ ಮೊದಲೇ ಮಾಡಿಟ್ಟಿದ್ದರು.

ಈ ಎರಡು ಕಥೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ನನಗೆ ತೋರುವುದಿದು. ೧೯೮೯ರಲ್ಲಿ ಜನ ನೊಂದದ್ದು ಅಂದಗೆಟ್ಟಿತೆಂದು. ಏರ್ ಡೆಕ್ಕನ್ನಿನ ಬಣ್ಣ ಅಳಿದಾಗ ಅಷ್ಟು ಗದ್ದಲವಾಗಲಿಲ್ಲ. ಆ ವೇಷಕ್ಕೆ ಆಗಿನ್ನೂ ಐದು ವರ್ಷದ ಪ್ರಾಯ. ಆದರೆ ಅಳಿದ ವಸ್ತು ಮಾತ್ರ ಹೆಚ್ಚು ಬೆಲೆಯದು. ಸಾಮಾನ್ಯನಿಗೆ ಕೊಟ್ಟ ಮಾತು ಅಲ್ಲಿ ಬಣ್ಣದ ಜೊತೆಯಲ್ಲೇ ಅಳಿಸಿಹೋಯಿತು. ನಾವು ಬಹುಮಟ್ಟಿಗೆ ರೇಖೆಗಾಗಿ ಅಳುತ್ತೇವೆ, ಮಾತಿಗಾಗಿ ಅಳುವುದನ್ನು ಮರೆಯುತ್ತೇವೆ.

ವಿಮಾನ ದುರಸ್ತಿಯಲ್ಲಿ ಬಹುಕಾಲ ದುಡಿದು ನಿವೃತ್ತರಾದ ನೆರೆಯವರೊಬ್ಬರೊಡನೆ ಈ ವಿಷಯವನ್ನು ಎತ್ತಿದೆ. ಅವರು ನನ್ನ ತತ್ತ್ವಜಿಜ್ಞಾಸೆಯನ್ನು ಸ್ವಲ್ಪ ಹೊತ್ತು ಸಹಿಸಿಕೊಂಡು, “ಬಣ್ಣ ಹಚ್ಚೋದು ದೊಡ್ಡ ಕೆಲಸ ಅಲ್ಲ ರಾಯರೆ, ಹಳೇದನ್ನ ತೆಗೆಯೋದಿದೆಯಲ್ಲ, ಅದು ಕೆಲಸ” ಎಂದರು. ಆಮೇಲೆ ಅವರು ವಿವರಿಸಿದ್ದನ್ನು ವಾಚಕರೂ ಕೇಳಬೇಕು. ದೊಡ್ಡ ವಿಮಾನದ ಮೈಬಣ್ಣವೇ ಕೆಲವು ನೂರು ಕಿಲೋ ತೂಗುತ್ತದೆ. ಹಳೆಯದರ ಮೇಲೆ ಹೊಸದನ್ನು ಬಳಿಯುತ್ತ ಹೋದರೆ ಆ ಭಾರವನ್ನು ವಿಮಾನ ಪ್ರತಿ ಹಾರಾಟದಲ್ಲೂ ಹೊರಬೇಕು, ಅಷ್ಟಕ್ಕೂ ಎಣ್ಣೆ ಸುಡಬೇಕು. ಆದ್ದರಿಂದ ಲೋಹದ ಮೈಯಾದರೆ ದ್ರಾವಣ ಹಚ್ಚಿ ಹಳೆಯ ಬಣ್ಣವನ್ನು ಎಬ್ಬಿಸುತ್ತಾರೆ. ಬೇರೆಯ ಮೈಯಾದರೆ ಹದವಾಗಿ ಉಜ್ಜಿ ತೆಗೆಯುತ್ತಾರೆ. ಬಣ್ಣ ಹೋಗಿ ಮೈ ಬರಿದಾದ ಆ ಹೊತ್ತೇ ತಪಾಸಣೆಗೆ ಒಳ್ಳೆಯ ಹೊತ್ತು. ವರ್ಷಗಟ್ಟಲೆ ಬಣ್ಣದಡಿಯಲ್ಲಿ ಅಡಗಿದ್ದ ತುಕ್ಕು, ಕೂದಲೆಳೆಯ ಬಿರುಕು ಆಗ ಕಣ್ಣಿಗೆ ಬೀಳುತ್ತವೆ. ಇನ್ನೊಂದು ಮಾತು. ಬಾಲದ ಹಿಂಬದಿಯಲ್ಲಿ ಆಡುವ ಚುಕ್ಕಾಣಿಯಂಥ ಭಾಗಗಳಿಗೆ ಬಣ್ಣ ಹಚ್ಚಿದ ಮೇಲೆ ಅವುಗಳ ಸಮತೂಕವನ್ನು ಮತ್ತೆ ನೋಡಲೇಬೇಕು. ಬಣ್ಣದ ಭಾರ ಹೆಚ್ಚುಕಡಿಮೆಯಾದರೆ ವೇಗದಲ್ಲಿ ಆ ಭಾಗ ಅದುರತೊಡಗಿ ವಿಮಾನಕ್ಕೇ ಕುತ್ತು ಬರಬಹುದು. “ಚಿತ್ರ ಬರೆಯೋದು ಬಾಲದ ಮೇಲೇ ತಾನೆ? ತೂಗಿ ನೋಡಬೇಕಾದ್ದೂ ಅಲ್ಲೇ” ಎಂದು ನಕ್ಕರು.

ಅವರು ತಮ್ಮ ಕಸುಬಿನ ಮಾತು ಆಡಿದರು. ನನಗೆ ಅದರಲ್ಲಿ ನೀತಿ ಕಂಡಿತು. ಬಣ್ಣ ಬದಲಿಸುವುದರಲ್ಲಿ ಎರಡು ಬಗೆ. ಕೆರೆದು, ಲೋಹವನ್ನು ಕಂಡು, ಬಿರುಕನ್ನು ಬೆಸೆದು, ಆಮೇಲೆ ಬಳಿಯುವುದು ಒಂದು. ಬಿರುಕು ಕಾಣದಿರಲೆಂದು ಬಳಿಯುವುದು ಇನ್ನೊಂದು. ಎರಡನೆಯದಕ್ಕೆ ತೀರ ಬತ್ತಲೆಯಾದ ಒಂದು ಉದಾಹರಣೆ ವಿಮಾನ ಲೋಕದಲ್ಲೇ ಇದೆ. ಅಪಘಾತವಾದಾಗ ಮುರಿದು ಬಿದ್ದ ಬಾಲದ ಮೇಲಿನ ಹೆಸರನ್ನೂ ಚಿಹ್ನೆಯನ್ನೂ ಬಿಳಿಯ ಬಣ್ಣ ಬಳಿದು ಮರೆಮಾಡುವ ರೂಢಿ ಹಲವು ದೇಶಗಳ ಸಂಸ್ಥೆಗಳಲ್ಲಿ ಇತ್ತು. ಹೆಸರಿಗೆ ಕಳಂಕ ತಟ್ಟಬಾರದೆಂಬ ಉಪಾಯವದು. ಹೆಸರೆಂಬುದು ಸಂತೋಷದ ದಿನದಲ್ಲಿ ಮಾತ್ರ ನನ್ನದು, ದುಃಖದ ದಿನದಲ್ಲಿ ಅಲ್ಲ ಎಂದ ಹಾಗಾಯಿತು. ೨೦೧೦ರ ಮೇ ೨೨ರಂದು ಮಂಗಳೂರಿನಲ್ಲಿ ದುಬೈಯಿಂದ ಬಂದ ವಿಮಾನ ಕಣಿವೆಗೆ ಬಿದ್ದು ೧೫೮ ಮಂದಿ ತೀರಿಕೊಂಡರು. ೨೦೨೫ರ ಜೂನ್ ೧೨ರಂದು ಅಹಮದಾಬಾದಿನಲ್ಲಿ ನೆಲದ ಮೇಲಿದ್ದವರೂ ಸೇರಿ ೨೬೦ ಜೀವಗಳು ಹೋದುವು. ಕಾರಣ ಏನೇ ಇರಲಿ, ಹೊಣೆ ಯಾರದೇ ಇರಲಿ, ಆ ಮನೆಗಳವರಿಗೆ ಆ ಬಾಲದ ಬಣ್ಣ ಚಂದವೋ ಅಲ್ಲವೋ ಎಂಬುದು ಪ್ರಶ್ನೆಯೇ ಅಲ್ಲ. ಆ ಹೆಸರನ್ನು ಹೊತ್ತವರು ತಮ್ಮ ಬಾಗಿಲಿಗೆ ಬಂದು ಮುಖ ತೋರಿಸುತ್ತಾರೆಯೆ ಎಂಬುದೇ ಪ್ರಶ್ನೆ.

ಋಣವೆಂಬ ನಮ್ಮ ಹಳೆಯ ಮಾತು ಇಲ್ಲಿ ಉಪಯೋಗಕ್ಕೆ ಬರುತ್ತದೆ. ೨೦೨೧ರಲ್ಲಿ ಏರ್ ಇಂಡಿಯಾವನ್ನು ಕೊಳ್ಳಲು ಟಾಟಾ ಸಮೂಹ ಒಪ್ಪಿದ ಬೆಲೆ ೧೮,೦೦೦ ಕೋಟಿ ರೂಪಾಯಿ. ಅದರಲ್ಲಿ ನಗದು ೨,೭೦೦ ಕೋಟಿ, ಉಳಿದ ೧೫,೩೦೦ ಕೋಟಿ ವಹಿಸಿಕೊಂಡ ಸಾಲ. ೨೦೨೨ರ ಜನವರಿ ೨೭ರಂದು ಸಂಸ್ಥೆ ಹುಟ್ಟಿದ ಮನೆಗೆ ಮರಳಿತು. ಹಣದ ಸಾಲ ಪತ್ರದಲ್ಲಿ ಬರೆದಿರುತ್ತದೆ. ಯಾರು ಎಷ್ಟು ಹೊರಬೇಕೆಂದು ವಕೀಲರು ಗೆರೆ ಎಳೆಯಬಲ್ಲರು. ಬಣ್ಣದ ಸಾಲ ಹಾಗಲ್ಲ. ಒಂದು ಮುಖವನ್ನು ಐವತ್ತು ವರ್ಷ ನಂಬಿದವರ ನಂಬಿಕೆ ಯಾವ ಪತ್ರದಲ್ಲೂ ಇಲ್ಲ. ಸಂಸ್ಥೆಯನ್ನು ಕೊಂಡವನು ಆ ಮುಖವನ್ನು ಇಟ್ಟುಕೊಂಡರೂ ಋಣ ಅವನದೇ, ಬಿಟ್ಟರೂ ಅವನದೇ. ಮುಖವನ್ನು ಬಿಟ್ಟ ಮಾತ್ರಕ್ಕೆ ಋಣ ತೀರಿತೆಂದು ಭಾವಿಸುವುದೇ ಈ ವಿಷಯದಲ್ಲಿ ಅಧರ್ಮ.

ಹೆಸರು ಹೋಗಿ ಮುಖ ಉಳಿಯುವುದು, ಮುಖ ಹೋಗಿ ಹೆಸರು ಉಳಿಯುವುದು ನಮಗೆ ಅಪರಿಚಿತವೇನಲ್ಲ. ೧೯೭೩ರ ನವೆಂಬರ್ ೧ರಂದು ನಮ್ಮ ರಾಜ್ಯ ಮೈಸೂರೆಂಬ ಹೆಸರನ್ನು ಬಿಟ್ಟು ಕರ್ನಾಟಕವಾಯಿತು. ಹೆಸರಿನ ಬದಲಾವಣೆ ಉಚಿತವಾಗಿತ್ತು. ಹಲವು ಕಡೆ ಹಂಚಿಹೋಗಿದ್ದ ಕನ್ನಡಿಗರಿಗೆ ಅದರಿಂದ ನ್ಯಾಯ ದೊರೆಯಿತು. ಆದರೆ ಮೈಸೂರಿನ ಗಂಡಭೇರುಂಡವನ್ನು ರಾಜ್ಯದ ಲಾಂಛನದಿಂದ ತೆಗೆಯಲಿಲ್ಲ. ಎರಡು ತಲೆಯ ಆ ಹಕ್ಕಿ ಇಂದಿಗೂ ಸರ್ಕಾರದ ಕಾಗದಗಳ ನೆತ್ತಿಯ ಮೇಲಿದೆ. ನಮ್ಮ ನಾಗರಬಾವಿಯದು ಇದಕ್ಕೆ ತಿರುಗುಮುರುಗು. ಇಲ್ಲಿ ಹಳ್ಳಿ ಹೋಗಿ ಬಡಾವಣೆಯಾಯಿತು, ಹೊಲ ಹೋಗಿ ನಿವೇಶನಗಳಾದುವು, ವರ್ತುಲ ರಸ್ತೆ ಬಂತು. ಹೆಸರು ಮಾತ್ರ ನಿಂತಿತು. ಬಾವಿ ಎಲ್ಲಿತ್ತೆಂದು ಕೇಳಿದರೆ ಒಬ್ಬೊಬ್ಬರೂ ಒಂದೊಂದು ದಿಕ್ಕಿಗೆ ಕೈ ತೋರಿಸುತ್ತಾರೆ. ಅಂತರ್ಜಲ ಆಳಕ್ಕಿಳಿದ ಬೇಸಗೆಯಲ್ಲಿ, ನೀರಿನ ಟ್ಯಾಂಕರಿಗಾಗಿ ಕಾಯುತ್ತ ನಾವು ಬಾವಿಯ ಹೆಸರನ್ನೇ ವಿಳಾಸವಾಗಿ ಹೇಳುತ್ತೇವೆ. ಹೆಸರನ್ನು ಉಳಿಸಿಕೊಂಡದ್ದಕ್ಕೆ ಹೆಮ್ಮೆಪಡಬೇಕೋ, ಹೆಸರು ಹೇಳುವ ವಸ್ತುವನ್ನು ಕಳೆದದ್ದಕ್ಕೆ ನಾಚಬೇಕೋ? ಬಣ್ಣವನ್ನು ಉಳಿಸುವುದೊಂದೇ ಸಾಲದೆಂಬುದಕ್ಕೆ ನನಗೆ ಬೇರೆ ಸಾಕ್ಷಿ ಬೇಕಿಲ್ಲ.

ಇನ್ನು ೨೦೨೩ರ ವೇಷದ ಮಾತು. ಹೊಸಬರು ಕಿಟಕಿಗಳ ಸುತ್ತಣ ಕಮಾನುಗಳನ್ನು ತೆಗೆದರು. ಆದರೆ ಆ ಕಿಟಕಿಯ ಚೌಕಟ್ಟಿನ ತುದಿಯನ್ನೇ ಹೊನ್ನಿನ ರೇಖೆಯಾಗಿಸಿ ತಮ್ಮ ಹೊಸ ಚಿಹ್ನೆ ಮಾಡಿಕೊಂಡರು. ಮಹಾರಾಜನನ್ನೂ ಪೂರ್ತಿಯಾಗಿ ಹೊರಗೆ ಕಳಿಸದೆ ಅವನ ಕೆಲಸವನ್ನು ಕಡಿಮೆ ಮಾಡಿದರು. ವಯಸ್ಸಾದ ಯಜಮಾನನನ್ನು ಜಗಲಿಯ ಮೇಲೆ ಕೂರಿಸಿದ ಹಾಗೆ. ಇದು ಸಭ್ಯವಾದ ಬದಲಾವಣೆಯೆಂದೇ ನನ್ನ ಅಭಿಪ್ರಾಯ. ಹಳೆಯ ಕಿಟಕಿಗಳ ಮೇಲೆ ನನಗಿರುವ ಮೋಹ ಇದರಿಂದ ಕಡಿಮೆಯಾಗಿಲ್ಲ. ಆದರೆ ನನ್ನ ಮೋಹ ಇನ್ನೊಬ್ಬರ ಕರ್ತವ್ಯವಾಗಲಾರದು. ನೋಡುವವನಿಗೆ ಇರುವ ಹಕ್ಕು ರೇಖೆ ಬದಲಾಗಬಾರದೆಂಬ ಹಕ್ಕಲ್ಲ. ರೇಖೆ ಹೇಳಿದ ಮಾತನ್ನು ನಡೆಸಿರೆಂದು ಕೇಳುವ ಹಕ್ಕು. ಹಳೆಯ ಗೆರೆಯೊಂದನ್ನು ಉಳಿಸಿದ್ದು ಬಡ್ಡಿ ಕಟ್ಟಿದ ಹಾಗೆ. ಅಸಲು ತೀರಬೇಕಾದುದು ನಡತೆಯಲ್ಲಿ. ವೇಳೆಗೆ ಹೊರಡುವುದರಲ್ಲಿ, ಮುದುಕಿಯೊಬ್ಬಳಿಗೆ ತಾಳ್ಮೆಯಿಂದ ಆಸನ ತೋರಿಸುವುದರಲ್ಲಿ, ಬಿರುಕು ಕಂಡ ದಿನ ಲಾಭ ಬಿಟ್ಟು ವಿಮಾನವನ್ನು ನಿಲ್ಲಿಸುವುದರಲ್ಲಿ ಅದು ತೀರಬೇಕು. ಹಾಗೆ ತೀರುತ್ತಿದ್ದರೆ ಇಂದು ಹೊಸದೆನಿಸುವ ಈ ಬಣ್ಣವೂ ಮೂವತ್ತು ವರ್ಷಗಳಲ್ಲಿ ಹಳೆಯದಾಗಿ, ಪ್ರಿಯವಾಗುತ್ತದೆ. ಆಗ ಅದನ್ನೂ ಬದಲಿಸಬೇಕೆಂದು ಯಾರೋ ಹೊರಡುತ್ತಾರೆ. ಅಂದಿನ ಜನ ಅವರನ್ನು ತಡೆದು ನಿಲ್ಲಿಸಿ ಜಗಳವಾಡಿದರೆ, ಬಣ್ಣದ ಋಣ ತೀರಿತೆಂದು ತಿಳಿಯಬಹುದು.